ಶಾಲೆಯ ಪಕ್ಕದ ಅಚ್ಚುಕೂಟ

ನನ್ನ ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ 31 ವಿದ್ಯಾರ್ಥಿ ಪ್ರಬಂಧಗಳಿವೆ. ಹೆಚ್ಚಿನವು ಸ್ಪೈರಲ್ ಬೈಂಡಿಂಗ್ ಮಾಡಿಸಿದವು. ನಾಲ್ಕೈದು ಮಾತ್ರ ರೆಕ್ಸಿನ್ ರಟ್ಟು ಹೊದ್ದು, ಬಂಗಾರದ ಬಣ್ಣದ ಅಕ್ಷರಗಳಲ್ಲಿ ಹೆಸರು, ನೋಂದಣಿ ಸಂಖ್ಯೆ ಮತ್ತು ವರ್ಷವನ್ನು ಹೊತ್ತುಕೊಂಡಿವೆ. ಇವು ನಾನು ಬರೆದವಲ್ಲ, ನನಗೆ ಯಾರೂ ಉಡುಗೊರೆಯಾಗಿ ಕೊಟ್ಟವೂ ಅಲ್ಲ. ಹನ್ನೆರಡು ವರ್ಷಗಳ ಹಿಂದೆ, ನಾನು ಆಗ ಕನ್ನಡ ಪಾಠ ಮಾಡುತ್ತಿದ್ದ ಸಂಸ್ಥೆಯ ಹಿಂಬದಿಯಲ್ಲಿ, ಹಳೆಯ ಕಾಗದ ಕೊಳ್ಳುವವನ ತಕ್ಕಡಿಯ ಮೇಲಿನಿಂದ ಕೇಳಿ ಇಳಿಸಿಕೊಂಡವು.

ಅದು ಕ್ರೈಸ್ತ ಸಭೆಯೊಂದು ನಡೆಸುವ ಸಂಸ್ಥೆ. ಅದರ ಹೆಸರು ಇಲ್ಲಿ ಬೇಡ, ಏಕೆಂದರೆ ಅಂದು ಅಲ್ಲಿ ನಡೆದದ್ದು ನಮ್ಮ ನಾಡಿನ ಬಹುಪಾಲು ಕಾಲೇಜುಗಳಲ್ಲಿ, ಅವುಗಳನ್ನು ನಡೆಸುವವರು ಯಾರೇ ಆಗಿರಲಿ, ನಡೆಯುವಂಥದ್ದೇ. ಬೇಸಿಗೆ ರಜೆಯ ಕೊನೆಯ ವಾರ. ನಿಗದಿತ ಅವಧಿ ಮುಗಿದ ಉತ್ತರಪತ್ರಿಕೆಗಳನ್ನು ವಿಲೇವಾರಿ ಮಾಡುವುದು ವಾಡಿಕೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ದಿನ ಉತ್ತರಪತ್ರಿಕೆಗಳ ಮೂಟೆಗಳ ಜೊತೆಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಒಪ್ಪಿಸಿದ್ದ ಪ್ರಾಜೆಕ್ಟ್ ವರದಿಗಳೂ ಹೊರಬಂದಿದ್ದವು. ತೂಕ ಮಾಡುವವನು ಒಂದೊಂದನ್ನೂ ಎತ್ತಿಕೊಂಡು, ಪ್ಲಾಸ್ಟಿಕ್ ಹೊದಿಕೆಯನ್ನೂ ಸುರುಳಿಯನ್ನೂ ಕಿತ್ತು ಬೇರೆ ರಾಶಿ ಹಾಕುತ್ತಿದ್ದ; ಅವುಗಳಿಗೆ ಕಾಗದದ ದರ ಸಿಗುವುದಿಲ್ಲ. ಸುರುಳಿ ಕಳಚಿದ ಕೂಡಲೇ ಹಾಳೆಗಳು ಗಾಳಿಗೆ ಹರಡಿದವು. ನನ್ನ ಕಾಲಿನ ಬಳಿ ಬಂದು ಬಿದ್ದ ಒಂದು ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯ ತಿದ್ದುಪಡಿ ಇತ್ತು. ಅಕ್ಷರ ನನ್ನದೇ.

ಎರಡು ಕೈಚೀಲಗಳಲ್ಲಿ ಹಿಡಿಸುವಷ್ಟನ್ನು ತಂದೆ. ಆರಿಸಿಕೊಂಡು ತರಲಿಲ್ಲ, ಅದಕ್ಕೆ ವ್ಯವಧಾನವಿರಲಿಲ್ಲ. ಮನೆಗೆ ಬಂದು ನೋಡಿದರೆ ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ತಾಯಂದಿರ ದಿನಚರಿಯ ಬಗ್ಗೆ ಒಬ್ಬ ಹುಡುಗ ಬರೆದದ್ದಿತ್ತು. ತನ್ನೂರಿನ ಕೆರೆಗೆ ಸೇರುವ ಕಾಲುವೆಗಳ ಹೆಸರುಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಯಾವುವು ಈಗ ರಸ್ತೆಗಳಾಗಿವೆ ಎಂದು ಕೈಯಿಂದಲೇ ನಕಾಶೆ ಬರೆದವಳು ಒಬ್ಬಳಿದ್ದಳು. ಸಂಶೋಧನೆಯ ಬದಲು ತನ್ನದೇ ಹದಿನೆಂಟು ಕವನಗಳನ್ನು, ಅವುಗಳಿಗೊಂದು ಮುನ್ನುಡಿಯನ್ನು ಬರೆದು ಒಪ್ಪಿಸಿದವನೂ ಇದ್ದ. ಎಲ್ಲವೂ ಉತ್ತಮವಾಗಿದ್ದವು ಎಂದು ನಾನು ಹೇಳಲಾರೆ. ಅರ್ಧಕ್ಕರ್ಧ ಅಂಕಕ್ಕಾಗಿ ಬರೆದವು, ಹತ್ತು ಕಡೆಯಿಂದ ಎತ್ತಿ ಜೋಡಿಸಿದವು. ಆದರೆ ಏಳೆಂಟು ಬರಹಗಳು ಹಾಗಲ್ಲ. ಆ ವಯಸ್ಸಿನವರು ಮಾತ್ರ ನೋಡಬಲ್ಲದ್ದನ್ನು ನೋಡಿದವು. ಅವುಗಳಲ್ಲಿ ಒಂದರ ಬಗ್ಗೆ ವಿವರವಾಗಿ ಹೇಳಬೇಕು.

ಅದನ್ನು ಬರೆದವಳು ಶಿಡ್ಲಘಟ್ಟದ ಕಡೆಯ ಹುಡುಗಿ. ಅವಳ ತಂದೆ ರೀಲರ್, ಎಂದರೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರು. ಮನೆಯಲ್ಲಿ ಮಾತು ಉರ್ದು, ಗೂಡಿನ ಮಾರುಕಟ್ಟೆಯಲ್ಲಿ ಕನ್ನಡ, ತೆಲುಗು ಎರಡೂ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಆರಿಸಿಕೊಂಡಿದ್ದಳು. ಪ್ರಾಜೆಕ್ಟಿಗೆ ವಿಷಯ ಕೊಡಿ ಎಂದು ಬಂದಾಗ ನಾನು, ಎಲ್ಲ ಮೇಷ್ಟ್ರುಗಳ ಹಾಗೆ, ಒಂದು ಕಾದಂಬರಿಯಲ್ಲಿನ ಸ್ತ್ರೀ ಪಾತ್ರಗಳ ಬಗ್ಗೆ ಬರೆಯಲು ಹೇಳಿದೆ. ಅವಳು ಒಪ್ಪಿಕೊಂಡು ಹೋದಳು. ವಾರದ ನಂತರ ಬಂದು, ಬೇರೆ ವಿಷಯ ತೆಗೆದುಕೊಳ್ಳಬಹುದೇ ಎಂದು ಕೇಳಿದಳು. "ಮೇಡಂ, ಹುಳುವಿಗೆ ಜ್ವರ ಬರುತ್ತದೆ ಅಂತಾರಲ್ಲ, ಅದು ಕಾಯಿಲೆಯ ಜ್ವರ ಅಲ್ಲ. ಆದರೆ ನಿಘಂಟಿನಲ್ಲಿ ಕಾಯಿಲೆಯ ಜ್ವರ ಒಂದೇ ಇದೆ" ಎಂದಳು.

ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಕಳಚುತ್ತದೆ. ಕಳಚುವ ಮುನ್ನ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಈ ಸ್ಥಿತಿಗೆ ನಮ್ಮ ರೈತರು ಜ್ವರ ಎನ್ನುತ್ತಾರೆ: ಹುಳು ಮೊದಲನೆಯ ಜ್ವರಕ್ಕೆ ಹೋಯಿತು, ನಾಲ್ಕನೆಯ ಜ್ವರದಿಂದ ಎದ್ದಿತು. ಜ್ವರ ಬಂದ ಮನುಷ್ಯ ಊಟ ಬಿಟ್ಟು ಮಂಕಾಗಿ ಕೂರುವುದನ್ನು ನೋಡಿದವರು ಯಾರೋ ಇಟ್ಟ ಹೆಸರು. ಹುಳು ಬಲಿತು, ಮೈ ಹೊಳಪೇರಿ, ಗೂಡು ಕಟ್ಟಲು ಸಿದ್ಧವಾದರೆ ಅದು ಹಣ್ಣಾಯಿತು. ಹಣ್ಣಾದ ಹುಳುಗಳನ್ನು ಆರಿಸಿ ಬಿಡುವ ಬಿದಿರಿನ ಸಾಧನ ಚಂದ್ರಿಕೆ. ಅದೇ ಕೆಲಸಕ್ಕೆ ಈಚೆಗೆ ಬಂದ ಪ್ಲಾಸ್ಟಿಕ್ ಸಾಧನಕ್ಕೆ, ಪ್ರಾಸ ಕೂಡಿಸಿದಂತೆ, ನೇತ್ರಿಕೆ. ರೋಗಗಳ ಹೆಸರುಗಳಂತೂ ಒಂದೊಂದೂ ಒಂದು ವರ್ಣನೆ. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾದರೆ ಸುಣ್ಣಕಟ್ಟು. ಮೈ ಉಬ್ಬಿ, ಮುಟ್ಟಿದರೆ ಹಾಲಿನಂಥ ದ್ರವ ಒಸರಿದರೆ ಹಾಲುತೊಂಡೆ. ಇನ್ನು ಸಪ್ಪೆ ರೋಗ, ಗಂಟು ರೋಗ. ಈ ಪದಗಳನ್ನು ರೇಷ್ಮೆ ಇಲಾಖೆಯ ಕರಪತ್ರಗಳೂ ಬಳಸುತ್ತವೆ, ಆದರೆ ಕರಪತ್ರಕ್ಕೆ ಬೇಕಾದದ್ದು ರೋಗಕ್ಕೆ ಮದ್ದು. ಪದ ಎಲ್ಲಿಂದ ಬಂತು ಎಂಬುದು ಅದರ ಕೆಲಸವಲ್ಲ.

ಅವಳು ಮೂರು ತಿಂಗಳಲ್ಲಿ ಹುಳು ಸಾಕುವವರು, ಗೂಡಿನ ದಲ್ಲಾಳಿಗಳು, ಫಿಲೇಚರುಗಳಲ್ಲಿ, ಎಂದರೆ ನೂಲು ಬಿಚ್ಚುವ ಕಾರ್ಖಾನೆಗಳಲ್ಲಿ, ಕೆಲಸ ಮಾಡುವ ಹೆಂಗಸರು, ಹೀಗೆ ಹಲವರನ್ನು ಮಾತನಾಡಿಸಿ ಇನ್ನೂರಕ್ಕೂ ಹೆಚ್ಚು ಪದಗಳನ್ನು ಕೂಡಿಹಾಕಿದಳು. ಪ್ರತಿ ಪದಕ್ಕೂ ಯಾರು, ಯಾವ ಕೆಲಸ ಮಾಡುತ್ತ ಆ ಪದವನ್ನು ಆಡಿದರು ಎಂಬ ಒಂದು ವಾಕ್ಯವನ್ನು ಬರೆದುಕೊಂಡಳು. ಅದನ್ನು ಮಾಡು ಎಂದು ನಾನು ಹೇಳಿರಲಿಲ್ಲ. ಎಲ್ಲಿಂದ ಕಲಿತೆ ಎಂದು ಕೇಳಿದರೆ, ಗ್ರಂಥಾಲಯದಲ್ಲಿದ್ದ ಕಿಟೆಲ್ ನಿಘಂಟಿನ ಸಂಪುಟಗಳನ್ನು ತೋರಿಸಿದಳು. ಅಲ್ಲಿ ಪದದ ಅರ್ಥದ ಜೊತೆಗೆ ಅದು ಬಳಕೆಯಾದ ಕಾವ್ಯದ ಸಾಲು, ಕೆಲವೊಮ್ಮೆ ಒಂದು ಗಾದೆ ಇರುತ್ತದೆ. ಅರ್ಥಕ್ಕಿಂತ ಅದೇ ತನಗೆ ನೆನಪಿನಲ್ಲಿ ಉಳಿಯುತ್ತದೆ ಎಂದಳು.

ಫರ್ಡಿನೆಂಡ್ ಕಿಟೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಯಾಗಿ 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ, ನನ್ನ ವಿದ್ಯಾರ್ಥಿನಿಯ ವಯಸ್ಸೇ ಹೆಚ್ಚುಕಡಿಮೆ. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ನಲವತ್ತು ವರ್ಷ. 1,700ಕ್ಕೂ ಹೆಚ್ಚು ಪುಟಗಳಲ್ಲಿ ಸುಮಾರು 70,000 ಪದಗಳು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಇನ್ನೆರಡು ವರ್ಷಗಳ ನಂತರ. ಅಷ್ಟರಲ್ಲಿ ಅವರು ಅರವತ್ತು ದಾಟಿದ್ದರು. ಧರ್ಮಪ್ರಚಾರಕ್ಕೆ ಬಂದ ಯುವಕನೊಬ್ಬ ಹಳಗನ್ನಡ ಛಂದಸ್ಸು, ವ್ಯಾಕರಣ, ಗಾದೆಗಳಲ್ಲಿ ಮುಳುಗಿ ತನ್ನ ಆಯುಷ್ಯವನ್ನೇ ಕಳೆದದ್ದು ಮಿಷನ್ನಿನ ಎಲ್ಲರಿಗೂ ಹಿತವಾಗಿರಲಿಲ್ಲ ಎಂಬುದನ್ನು ಅವರ ಬದುಕನ್ನು ಓದಿದವರು ಬಲ್ಲರು. ಹಾಗಿದ್ದರೂ ಅವರ ಹಸ್ತಪ್ರತಿ ಪೆಟ್ಟಿಗೆಯಲ್ಲಿ ಉಳಿಯಲಿಲ್ಲ. ಮಂಗಳೂರಿನಲ್ಲಿ ಮಿಷನ್ನಿನದೇ ಅಚ್ಚುಕೂಟವಿತ್ತು, ಅದು ಬರೆದದ್ದನ್ನು ಪುಸ್ತಕ ಮಾಡಿತು.

ಆ ಅಚ್ಚುಕೂಟದ ಮೇಲೆ ನನ್ನ ಗಮನ ನಿಂತದ್ದು ತಕ್ಕಡಿಯ ಪ್ರಸಂಗದ ನಂತರ. ಕ್ರೈಸ್ತ ಸಂಸ್ಥೆಗಳು ನಮ್ಮಲ್ಲಿ ವಿದ್ಯೆಗೆ ಕೊಟ್ಟ ಕೊಡುಗೆ ಎಂದ ಕೂಡಲೇ ಎಲ್ಲರೂ ಶಾಲೆ, ಕಾಲೇಜುಗಳನ್ನು ಎಣಿಸುತ್ತಾರೆ. ಆದರೆ ಹಳೆಯ ದಾಖಲೆಗಳನ್ನು ನೋಡಿದರೆ ಶಾಲೆಯ ಪಕ್ಕದಲ್ಲೇ ಅಚ್ಚುಕೂಟ ನಿಂತಿರುವುದು ಮತ್ತೆ ಮತ್ತೆ ಕಾಣುತ್ತದೆ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು 1800ರಲ್ಲಿ ಅಚ್ಚುಕೂಟ ತೆರೆದರು, ಕಾಲೇಜು ತೆರೆದದ್ದು 1818ರಲ್ಲಿ. ಈ ಎರಡರ ನಡುವೆ, 1817ರಲ್ಲಿ, ಕೇರಿಯವರ ಕನ್ನಡ ವ್ಯಾಕರಣವೂ ಅಲ್ಲಿಯೇ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಅಚ್ಚುಕೂಟ ಶುರುವಾದದ್ದು 1841ರಲ್ಲಿ, ಹರ್ಮನ್ ಮೊಗ್ಲಿಂಗರ ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲ ಪತ್ರಿಕೆ ಹೊರಬಂದದ್ದು 1843ರಲ್ಲಿ. ಕೇರಳದ ಮಾನ್ನಾನಂ ಗುಡ್ಡದ ಮೇಲೆ ಕುರಿಯಾಕೋಸ್ ಇಲಿಯಾಸ್ ಚಾವರ ಎಂಬ ಕ್ಯಾಥೊಲಿಕ್ ಪಾದ್ರಿ 1846ರಲ್ಲಿ ಒಂದು ಸಂಸ್ಕೃತ ಶಾಲೆಯನ್ನೂ ಒಂದು ಅಚ್ಚುಕೂಟವನ್ನೂ ತೆರೆದರು. ಅಚ್ಚಿನ ಯಂತ್ರ ಕೊಳ್ಳಲು ದಾರಿಯಿಲ್ಲದೆ, ತಿರುವನಂತಪುರದಲ್ಲಿ ಕಂಡು ಬಂದದ್ದನ್ನು ಬಾಳೆದಿಂಡಿನಲ್ಲಿ ಮಾದರಿ ಕಡೆದು, ಅದನ್ನು ನೋಡಿ ಮರದ ಯಂತ್ರ ಮಾಡಿಸಿದರೆಂದು ಅವರ ಸಭೆಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಚಾವರ ಸ್ವತಃ ಕವಿ. ಮಲಯಾಳದಲ್ಲಿ ದೀರ್ಘ ಕವನಗಳನ್ನು ಬರೆದವರು. 2014ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಬಾಳೆದಿಂಡಿನ ಆ ಮಾತು ನನಗೆ ತುಂಬ ಇಷ್ಟ. ಕಲಿಸುವುದು ಎಷ್ಟು ಅಗತ್ಯವೋ, ಕಲಿತವರು ಬರೆದದ್ದನ್ನು ಊರಾಚೆಗೆ ಮುಟ್ಟಿಸುವುದೂ ಅಷ್ಟೇ ಅಗತ್ಯ ಎಂದು ತಿಳಿದವರಿಗೆ ಮಾತ್ರ ಅಷ್ಟು ಆತುರ ಇರುತ್ತದೆ.

ಚಾವರ ಅವರು ಸಂಗಡಿಗರೊಡನೆ ಕಟ್ಟಿದ ಆ ಸಭೆ, ಎಂದರೆ ಸಿ.ಎಂ.ಐ. (ಕಾರ್ಮಲೈಟ್ಸ್ ಆಫ್ ಮೇರಿ ಇಮ್ಯಾಕ್ಯುಲೇಟ್), ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1969ರಲ್ಲಿ ಕ್ರೈಸ್ಟ್ ಕಾಲೇಜನ್ನು ತೆರೆಯಿತು. 2008ರಲ್ಲಿ ಅದು ಪರಿಗಣಿತ (ಡೀಮ್ಡ್) ವಿಶ್ವವಿದ್ಯಾಲಯವಾಯಿತು. ಇಂದು ಆ ಹೆಸರನ್ನು ಕೇಳಿದರೆ ಹೊಸ ತಲೆಮಾರಿನವರಿಗೆ ಮ್ಯಾನೇಜ್‌ಮೆಂಟ್, ಕಾನೂನು, ದೇಶದ ಎಲ್ಲ ರಾಜ್ಯಗಳಿಂದ ಬರುವ ವಿದ್ಯಾರ್ಥಿಗಳು ನೆನಪಾಗುತ್ತಾರೆ. ನನ್ನ ವಯಸ್ಸಿನ ಕನ್ನಡದವರಿಗೆ ಮೊದಲು ನೆನಪಾಗುವುದು ಕನ್ನಡ ಸಂಘ. 1972ರಲ್ಲಿ ಶುರುವಾದ ಆ ಸಂಘದ ಹಿಂದೆ ಇದ್ದವರು ಅಲ್ಲಿ ಕನ್ನಡ ಅಧ್ಯಾಪಕರಾಗಿದ್ದ, ನಾಟಕಕಾರರೂ ಆಗಿದ್ದ ಚಿ. ಶ್ರೀನಿವಾಸರಾಜು. ಚಿಕ್ಕಬಳ್ಳಾಪುರದವರು, ಎಂದರೆ ನನ್ನ ವಿದ್ಯಾರ್ಥಿನಿಯ ಸೀಮೆಯವರೇ. ಅವರ ಕಾಲೇಜಿನಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ಓದುತ್ತಿದ್ದವರಲ್ಲಿ ಬಹುಮಂದಿ ವಿಜ್ಞಾನ, ವಾಣಿಜ್ಯಗಳ ವಿದ್ಯಾರ್ಥಿಗಳು. ಅಂಥ ಕಡೆ ಕನ್ನಡ ಸಂಘ ಎಂದರೆ ನವೆಂಬರಿನಲ್ಲಿ ಒಂದು ಭಾಷಣ, ಒಂದು ಭಾವಗೀತೆ, ಒಂದು ಗುಂಪಿನ ಛಾಯಾಚಿತ್ರ ಎಂದುಕೊಳ್ಳುವುದು ಸುಲಭ. ಶ್ರೀನಿವಾಸರಾಜು ಅದನ್ನು ಪ್ರಕಾಶನ ಸಂಸ್ಥೆಯನ್ನಾಗಿ ಮಾಡಿದರು. ಕೈಗೆಟುಕುವ ಬೆಲೆಯಲ್ಲಿ, ಅಚ್ಚುಕಟ್ಟಾಗಿ, 200ಕ್ಕೂ ಹೆಚ್ಚು ಪುಸ್ತಕಗಳನ್ನು ಸಂಘ ಪ್ರಕಟಿಸಿದೆ.

ಈ ಸಂಘ ನಾಡಿನ ಎಲ್ಲ ಕಾಲೇಜುಗಳ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು ಎರಡು ಸ್ಪರ್ಧೆಗಳ ಮೂಲಕ: ಬೇಂದ್ರೆಯವರ ಹೆಸರಿನಲ್ಲಿ ಕವನಕ್ಕೆ, ಅ.ನ.ಕೃ. ಅವರ ಹೆಸರಿನಲ್ಲಿ ಸಣ್ಣಕತೆಗೆ. ಎಂಬತ್ತರ ದಶಕದ ಕೊನೆಯಲ್ಲಿ ಕೋಲಾರದ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದ ನಾನು ಸೂಚನಾ ಫಲಕದಲ್ಲಿ ಆ ಪ್ರಕಟಣೆಯನ್ನು ಕಂಡು, ಒಂದು ಕವನವನ್ನು ಮೂರು ಸಲ ಶುದ್ಧಪ್ರತಿ ಮಾಡಿ, ಪ್ರಾಂಶುಪಾಲರ ಸಹಿ ಹಾಕಿಸಿ ಅಂಚೆಗೆ ಹಾಕಿದೆ. ಬಹುಮಾನ ಬರಲಿಲ್ಲ. ಬಂದಿದ್ದರೆ ಆಶ್ಚರ್ಯವಾಗುತ್ತಿತ್ತು, ಕವನ ಅಷ್ಟು ಎಳಸಾಗಿತ್ತು. ಆದರೆ ಮರುವರ್ಷ ನಮ್ಮ ಗ್ರಂಥಾಲಯಕ್ಕೆ ಬಂದ ತೆಳುವಾದ ಪುಸ್ತಕವೊಂದರಲ್ಲಿ ಆಯ್ಕೆಯಾದ ಕವನಗಳು ಅಚ್ಚಾಗಿದ್ದವು. ಪ್ರತಿ ಕವನದ ಕೆಳಗೆ ವಿದ್ಯಾರ್ಥಿಯ ಹೆಸರು, ಕಾಲೇಜಿನ ಹೆಸರು, ಊರಿನ ಹೆಸರು. ನಾನು ಮೊದಲು ಓದಿದ್ದು ಕವನಗಳನ್ನಲ್ಲ, ಆ ಊರುಗಳ ಹೆಸರುಗಳನ್ನು. ಬೆಂಗಳೂರಲ್ಲದ, ಮೈಸೂರಲ್ಲದ, ಧಾರವಾಡವೂ ಅಲ್ಲದ ಊರುಗಳಲ್ಲಿ ನನ್ನಂತೆಯೇ ಹಾಸ್ಟೆಲಿನ ಮಂಕು ದೀಪದ ಕೆಳಗೆ ಕುಳಿತು ಬರೆಯುವವರಿದ್ದಾರೆ ಎಂದು ನನಗೆ ತಿಳಿದದ್ದು ಅಂದು. ಮುಂದೆ ಕನ್ನಡದಲ್ಲಿ ಹೆಸರು ಮಾಡಿದ ಅನೇಕರು ಆ ಪುಸ್ತಕಗಳಲ್ಲಿ ಮೊದಲು ಕಾಣಿಸಿಕೊಂಡವರು. ಹೆಸರು ಮಾಡದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು, ಮತ್ತು ಅವರ ಪಾಲಿಗೂ ಆ ಪುಸ್ತಕ ಮುಖ್ಯವಾಗಿತ್ತು ಎಂದು ನಾನು ನನ್ನನ್ನೇ ನೋಡಿ ಹೇಳಬಲ್ಲೆ.

ಈ ಪರಂಪರೆ ಕ್ರೈಸ್ತ ಸಂಸ್ಥೆಗಳ ಸೊತ್ತು ಎಂದರೆ ಅನ್ಯಾಯವಾದೀತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲೇ ಪ್ರಬುದ್ಧ ಕರ್ಣಾಟಕ ಎಂಬ ಪತ್ರಿಕೆಯನ್ನು ಹೊರಡಿಸಿದ್ದರು. ಕಾಲೇಜಿನ ಕನ್ನಡ ಸಂಘ ನಾಡಿಗೆ ಓದುವುದನ್ನು ಕೊಡಬೇಕು ಎಂಬ ಆದರ್ಶ ಅಲ್ಲಿಂದ ಬಂದದ್ದು. ನಾನು ಹೇಳುತ್ತಿರುವುದು ಇಷ್ಟೇ: ಮಾನ್ನಾನಂನ ಅಚ್ಚುಕೂಟದ ನೆನಪಿರುವ ಒಂದು ಸಭೆಯ ಅಂಗಳದಲ್ಲಿ, ಸೆಂಟ್ರಲ್ ಕಾಲೇಜಿನ ಆದರ್ಶವನ್ನು ಅರಗಿಸಿಕೊಂಡ ಒಬ್ಬ ಕನ್ನಡ ಮೇಷ್ಟ್ರು ಕೆಲಸ ಮಾಡಿದಾಗ ಎರಡು ಪರಂಪರೆಗಳು ಕೂಡಿದವು. ಸ್ಪರ್ಧೆಗೆ ಬರೆಯುವವರ ಧರ್ಮವನ್ನಾಗಲಿ, ಕವನದಲ್ಲಿ ಯಾವ ದೇವರಿದ್ದಾನೆ ಎಂಬುದನ್ನಾಗಲಿ ಅಲ್ಲಿ ಯಾರೂ ಕೇಳಲಿಲ್ಲ. ಶ್ರೀನಿವಾಸರಾಜು 2007ರಲ್ಲಿ ತೀರಿಕೊಂಡರು.

ಮಂಗಳೂರಿನಲ್ಲಿ ಇದೇ ಮಾತು ಬೇರೆ ರೂಪದಲ್ಲಿ ಕಾಣುತ್ತದೆ. ಇಟಲಿಯ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು ಈಗ ಪರಿಗಣಿತ ವಿಶ್ವವಿದ್ಯಾಲಯ; ಅದಕ್ಕೆ ತನ್ನದೇ ಪ್ರಕಾಶನವಿದೆ, ಎಫ್.ಎಂ. 107.8ರಲ್ಲಿ ಕೇಳಿಬರುವ ಸಾರಂಗ್ ಎಂಬ ಸಮುದಾಯ ಬಾನುಲಿಯೂ ಇದೆ. ಬಾನುಲಿಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತುಗಳು ಕೇಳುತ್ತವೆ. ಕಾಗದದ ಮೇಲೆ ಸರಿಯೆನಿಸಿದ ವಾಕ್ಯವನ್ನು ಗಟ್ಟಿಯಾಗಿ ಓದಿದಾಗ ಅದರ ಕುಂಟು ತಿಳಿಯುತ್ತದೆ. ಅದನ್ನು ಊರವರು ಕೇಳಿಸಿಕೊಳ್ಳುತ್ತಾರೆ ಎಂದಾಗ ಬರೆದವನು ತಾನಾಗಿಯೇ ಎರಡನೆಯ ಸಲ ಬರೆಯುತ್ತಾನೆ. ಅಧ್ಯಾಪಕಿಯಾಗಿ ಇಪ್ಪತ್ತೆಂಟು ವರ್ಷ ನಾನು ಮಾಡಲು ಯತ್ನಿಸಿದ್ದೂ ವಿದ್ಯಾರ್ಥಿ ಎರಡನೆಯ ಸಲ ಬರೆಯುವಂತೆ ಮಾಡುವುದನ್ನೇ. ಕೆಂಪು ಶಾಯಿಯಿಂದ ಅದು ಆಗುವುದು ಅಪರೂಪ. ಓದುವವರು ಇದ್ದಾರೆ ಎಂಬ ನಂಬಿಕೆಯಿಂದ ಆಗುತ್ತದೆ.

ಈಗ ವಿದ್ಯಾರ್ಥಿಯ ಸಂಶೋಧನೆಗೆ ಇರುವ ಓದುಗರು ಯಾರು? ಮಾರ್ಗದರ್ಶಕರು, ಹೊರಗಿನ ಪರೀಕ್ಷಕರು, ಮತ್ತು ಕೃತಿಚೌರ್ಯ ಹಿಡಿಯುವ ತಂತ್ರಾಂಶ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ ಹೋಲಿಕೆ ಶೇಕಡಾ 10ರೊಳಗೆ ಇದ್ದರೆ ತೊಂದರೆಯಿಲ್ಲ. ಆ ನಿಯಮ ಬೇಕಾಗಿತ್ತು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಎತ್ತಿ ಬರೆದ ವರದಿಗಳನ್ನು ಓದಿ ಓದಿ ಬೇಸತ್ತವಳು ನಾನು. ಆದರೆ ಬರಹ ಸ್ವಂತದ್ದೋ ಅಲ್ಲವೋ ಎಂದು ತಂತ್ರಾಂಶ ಹೇಳಬಲ್ಲದೇ ಹೊರತು, ಸ್ವಂತದ್ದಾದರೆ ಅದರಲ್ಲಿ ಏನಿದೆ ಎಂದು ಹೇಳಲಾರದು. ಹೇಳಬೇಕಾದವರು ನಾವು, ನಮಗೆ ಒಂದೇ ವಾರದಲ್ಲಿ ನಲವತ್ತು ವರದಿಗಳ ಅಂಕಗಳನ್ನು ಗಣಕಯಂತ್ರಕ್ಕೆ ತುಂಬಿಸಬೇಕಾಗಿರುತ್ತದೆ. ಪಿಎಚ್.ಡಿ. ಪ್ರಬಂಧಗಳಿಗಾದರೂ ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರವಿದೆ. ಕನ್ನಡ ವಿಭಾಗಗಳ ಎಷ್ಟೋ ಪ್ರಬಂಧಗಳನ್ನು ನಾನು ಮನೆಯಲ್ಲೇ ಕುಳಿತು ಅಲ್ಲಿ ಓದಿದ್ದೇನೆ. ಪದವಿ ವಿದ್ಯಾರ್ಥಿಗಳ ಕೆಲಸಕ್ಕೆ ಅಂಥ ನೆಲೆ ಇಲ್ಲ. ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಮಾಡಿಸುವ ಪದವಿ ನಮ್ಮ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಬಂದಿತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಪರಿಗಣಿತ ವಿಶ್ವವಿದ್ಯಾಲಯಗಳಿಗೆ ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸುವ ಸ್ವಾತಂತ್ರ್ಯವಿದೆ. ಕ್ರೈಸ್ಟ್ ವಿಶ್ವವಿದ್ಯಾಲಯ ಸಮಾಜವಿಜ್ಞಾನ, ತತ್ತ್ವಶಾಸ್ತ್ರ, ವಿಜ್ಞಾನಗಳಿಗೆ ಪ್ರತ್ಯೇಕವಾದ ಸಂಶೋಧನ ಪತ್ರಿಕೆಗಳನ್ನು ಬಹುಕಾಲದಿಂದ ನಡೆಸುತ್ತಿದೆ. ಅವು ಇಂಗ್ಲಿಷಿನವು, ಪಳಗಿದ ವಿದ್ವಾಂಸರಿಗಾಗಿ ಇರುವವು, ಹಾಗಿರುವುದು ಸಹಜ. ಆದರೆ ಇಪ್ಪತ್ತರ ಹುಡುಗಿಯೊಬ್ಬಳು ಕನ್ನಡದಲ್ಲಿ ಸಂಗ್ರಹಿಸಿದ ಇನ್ನೂರು ಪದಗಳಿಗೆ ಸಲ್ಲುವ ಪತ್ರಿಕೆ ಯಾವುದು ಎಂದು ಕೇಳಿಕೊಂಡರೆ ನನಗೆ ಉತ್ತರ ಸಿಗುವುದಿಲ್ಲ. ಇಷ್ಟು ಜಾಗ, ಇಷ್ಟು ಹಣ, ಇಷ್ಟು ನುರಿತ ಗ್ರಂಥಪಾಲಕರು ಇರುವ ಸಂಸ್ಥೆಗಳಿಗೆ ಅದು ಅಸಾಧ್ಯದ ಕೆಲಸವೇನಲ್ಲ.

ನಮ್ಮ ಸಂಸ್ಥೆಯಲ್ಲಿ ಹಿರಿಯ ಪಾದ್ರಿಯೊಬ್ಬರಿದ್ದರು, ಗ್ರಂಥಾಲಯದ ಮೇಲ್ವಿಚಾರಣೆ ಅವರದು. ತಕ್ಕಡಿಯ ಸಂಗತಿಯನ್ನು ಅವರಿಗೆ ಹೇಳಿದೆ. ದೂರು ಹೇಳುವ ದನಿಯಲ್ಲೇ ಹೇಳಿದೆ ಎಂದು ಕಾಣುತ್ತದೆ. ಅವರು ತಕ್ಷಣ 'ತಲಾಂತುಗಳ ಸಾಮ್ಯ ಗೊತ್ತಲ್ಲ ನಿಮಗೆ' ಎಂದರು. ಗೊತ್ತಿತ್ತು. ಯಜಮಾನನೊಬ್ಬ ಪ್ರವಾಸ ಹೊರಡುವಾಗ ಮೂವರು ಆಳುಗಳ ಕೈಯಲ್ಲಿ ಹಣ ಕೊಡುತ್ತಾನೆ. ಇಬ್ಬರು ಅದನ್ನು ದುಡಿಸುತ್ತಾರೆ, ಮೂರನೆಯವನು ಹೆದರಿ ನೆಲದಲ್ಲಿ ಹೂತಿಟ್ಟು, ಯಜಮಾನ ಬಂದಾಗ ಅಷ್ಟನ್ನೇ ಅಗೆದು ಒಪ್ಪಿಸುತ್ತಾನೆ. ಮತ್ತಾಯನ ಸುವಾರ್ತೆಯ ಈ ಕತೆಯನ್ನು ಪಾದ್ರಿಗಳು ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ಹೇಳುತ್ತಾರೆ, ನಿನ್ನಲ್ಲಿರುವ ಪ್ರತಿಭೆಯನ್ನು ಹೂಳಬೇಡ ಎಂದು. ಅವರು ಅಂದು ಹೇಳಿದ ಮಾತು ಬೇರೆ. "ಮಕ್ಕಳು ದುಡಿಸಿ ತಂದು ಕೊಟ್ಟರು, ಹೂತಿಟ್ಟವರು ನಾವು" ಎಂದರು. ಮತ್ತೇನೂ ಹೇಳಲಿಲ್ಲ. ಮರುವರ್ಷದಿಂದ ಪ್ರತಿ ವಿಭಾಗವೂ ಆರಿಸಿದ ಐದು ವರದಿಗಳು ಗ್ರಂಥಾಲಯದ ಪಟ್ಟಿಯಲ್ಲಿ ಸೇರಿದವು. ಉಳಿದ ಪುಸ್ತಕಗಳ ಹಾಗೆಯೇ ಅವಕ್ಕೂ ವರ್ಗೀಕರಣ ಸಂಖ್ಯೆ ಬಂದಿತು. ಅವರು ನಿವೃತ್ತರಾಗುವ ತನಕ ಇದು ನಡೆಯಿತು.

ನಾನು ಕ್ರೈಸ್ತಳಲ್ಲ. ಕ್ರೈಸ್ತ ಸಂಸ್ಥೆಯಲ್ಲಿ ಕ್ರೈಸ್ತತನ ಎಲ್ಲಿರುತ್ತದೆ ಎಂದು ಗೆಳತಿಯರು ಕೇಳಿದಾಗಲೆಲ್ಲ, ಬೆಳಗಿನ ಪ್ರಾರ್ಥನೆ, ಕ್ರಿಸ್ಮಸ್ಸಿನ ಗೋದಲಿ, ಗೋಡೆಯ ಮೇಲಿನ ಶಿಲುಬೆ ಎಂದು ಹೇಳುತ್ತಿದ್ದೆ. ಆ ಪಾದ್ರಿಯವರು ವಿದ್ಯಾರ್ಥಿಗಳ ವರದಿಗಳ ಬೆನ್ನಿಗೆ ತಮ್ಮ ಕೈಯಾರೆ ಚೀಟಿ ಅಂಟಿಸುವುದನ್ನು ನೋಡಿದ ಮೇಲೆ, ಅದು ಅಲ್ಲಿಯೂ ಇತ್ತು ಎಂದು ಸೇರಿಸಿ ಹೇಳುತ್ತೇನೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ನಿನ ಕಾಲದ ಪುಸ್ತಕ, ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದಿರುವುದೂ ಇದೇ ಬಗೆಯ ಕೆಲಸ. ಯಾವುದು ಮುಂದೆ ಕಿಟೆಲ್ ನಿಘಂಟು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತಿಳಿಯದೆಯೇ ಕಾಪಾಡಬೇಕಾಗುತ್ತದೆ.

ಆ 31ರಲ್ಲಿ ಎಂಟು ಮಂದಿಯನ್ನು ನಾನು ಹುಡುಕಿ ಮಾತನಾಡಿಸಿದ್ದೇನೆ. ಹದಿನೆಂಟು ಕವನಗಳ ಹುಡುಗ ಈಗ ಬ್ಯಾಂಕಿನಲ್ಲಿದ್ದಾನೆ. "ಅದು ಇನ್ನೂ ಇದೆಯಾ ಮೇಡಂ?" ಎಂದು ಕೇಳಿದ, ಬಹಳ ಹೊತ್ತು ಸುಮ್ಮನಿದ್ದ, ಆಮೇಲೆ ಅವನ ಬಳಿ ಒಂದು ಪ್ರತಿಯೂ ಉಳಿದಿಲ್ಲ ಎಂದ. ಕಾಲುವೆಗಳ ನಕಾಶೆ ಬರೆದವಳ ಊರಿನವರು ಕೆರೆಯ ಒತ್ತುವರಿಯ ಬಗ್ಗೆ ಅರ್ಜಿ ಕೊಡುವಾಗ ಅವಳ ನಕಾಶೆಯ ನೆರಳಚ್ಚನ್ನೂ ಲಗತ್ತಿಸಿದರು. ಅರ್ಜಿ ಏನಾಯಿತೆಂದು ನಾನು ಕೇಳಿಲ್ಲ. ಶಿಡ್ಲಘಟ್ಟದವಳು ಮಾತ್ರ ಸಿಗಲಿಲ್ಲ. ಮದುವೆಯಾಗಿ ಊರು ಬಿಟ್ಟಳೆಂದು ಅವಳ ತರಗತಿಯವರು ಹೇಳಿದರು. ಅವಳ ಪದಕೋಶವನ್ನು ಬಿಡುವಾದಾಗಲೆಲ್ಲ ನಾನು ಟೈಪ್ ಮಾಡುತ್ತ ಬಂದಿದ್ದೇನೆ, ಅವಳ ಹೆಸರಿನಲ್ಲೇ ಒಂದು ಪುಸ್ತಕವಾಗಿ ಕಾಣಬೇಕೆಂದು.

ತಕ್ಕಡಿಯಿಂದ ತಂದ ರಾತ್ರಿಯೇ ಅವಳ ವರದಿಯನ್ನು ತೆರೆದಿದ್ದೆ. ಮೊದಲ ಪುಟದಲ್ಲಿ ನನ್ನ ಸಹಿ, 50ಕ್ಕೆ 43 ಅಂಕ, ಮೇ ತಿಂಗಳ ದಿನಾಂಕ. ಒಳಗೆ ನಾನು ಎಂದೂ ನೋಡಿರದ ಗುರುತುಗಳಿದ್ದವು. ಇಪ್ಪತ್ತಕ್ಕೂ ಹೆಚ್ಚು ಪದಗಳ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ, ಪೆನ್ಸಿಲಿನಿಂದ ಬರೆದ ತಿದ್ದುಪಡಿಗಳು, ಬರವಣಿಗೆ ಅವಳದೇ. ಅವುಗಳ ಕೆಳಗಿನ ದಿನಾಂಕಗಳು ಆಗಸ್ಟಿನವು. ಫಲಿತಾಂಶ ಬಂದು, ಅಂಕಪಟ್ಟಿ ಕೈಗೆ ಸಿಕ್ಕಿ, ಅವಳಿಗೂ ಕಾಲೇಜಿಗೂ ಸಂಬಂಧ ಮುಗಿದ ಮೇಲೆ ಯಾವಾಗಲೋ ವಿಭಾಗಕ್ಕೆ ಬಂದು, ತನ್ನ ವರದಿಯನ್ನು ಹುಡುಕಿ ತೆಗೆದು, ತಿದ್ದಿ, ಮತ್ತೆ ಅದೇ ಜಾಗದಲ್ಲಿ ಇಟ್ಟು ಹೋಗಿದ್ದಳು. ಚಂದ್ರಿಕೆ ಎಂಬ ಪದಕ್ಕೆ ಅವಳು ಮೊದಲು ಬರೆದಿದ್ದ ಅರ್ಥ 'ಹುಳು ಬಿಡುವ ಬಿದಿರಿನ ದುಂಡನೆಯ ತಟ್ಟೆ' ಎಂದು. ಅದನ್ನು ನಾನು ಸರಿ ಎಂದು ಗುರುತು ಹಾಕಿದ್ದೆ. ಆ ಗುರುತಿನ ಪಕ್ಕದಲ್ಲಿ ಪೆನ್ಸಿಲಿನ ಸಾಲು ಹೀಗಿದೆ: "ತಪ್ಪು. ಹುಳು ಸಾಕುವ ಅಜ್ಜಿಗೆ ಎಲ್ಲ ಓದಿ ಹೇಳಿದೆ. ಇಲ್ಲಿ ನಿಲ್ಲಿಸಿದರು. ತಟ್ಟೆ ಅಲ್ಲ ಕಣಮ್ಮ, ಚಾಪೆ. ಅದು ಉದ್ದ ಚೌಕ, ದುಂಡಗಿರೋದು ಒಳಗಿನ ಸುರುಳಿ ಅಂದರು. ಚಂದ್ರನ ಹಾಗೆ ಕಾಣೋದು ಆ ಸುರುಳಿಯೇ ಇರಬೇಕು. ಇನ್ನೊಬ್ಬರನ್ನು ಕೇಳಬೇಕು."